ಹಾಡ್ಯಾಡಿ ಅಳೋದಕ್ಕ ಒಂದು ಇಂಗ್ಲಿಷ್ ಶಬ್ದ

‘ಕೀನ್’ ಅಂದ್ರ ಚೂಪು, ಆಸಕ್ತಿ ಅಂತ ನಾವೆಲ್ಲ ಸಾಲ್ಯಾಗ ಕಲ್ತೀವಿ. ಅದೇ ಸ್ಪೆಲ್ಲಿಂಗಿನ ಇನ್ನೊಂದು ಶಬ್ದ ಅದ, ಅದರ ಮನೆತನನ ಬ್ಯಾರೆ. ಸತ್ತವರ ಮುಂದ ಕೂತು ಹಾಡ್ಯಾಡಿ ಅಳೋದಕ್ಕ ಇಂಗ್ಲಿಷ್‌ನಾಗ ‘ಕೀನ್’ ಮಾಡೋದು ಅಂತಾರ. ಐರಿಷ್ ಭಾಷಾದಾಗ ಅಳೋದಕ್ಕ, ಶೋಕದ ಹಾಡಿಗೆ ಇರೋ ‘ಕೀನಾ’ ಅನ್ನೋ ಮಾತಿನಿಂದ ಅದು ಬಂದದ್ದು.

ನಮ್ಮ ಕಡೆ ಹಳ್ಳ್ಯಾಗ ಹೆಣ್ಮಕ್ಕಳು ಸತ್ತವರ ಗುಣ ಎತ್ತಿ ಆಡಿ ಅಳೋದನ್ನ ಕೇಳಿದವರಿಗೆ ಇದೇನು ಹೊಸದಲ್ಲ. ಆದ್ರ ಐರ್ಲೆಂಡಿನಾಗ ಇದು ಒಂದು ಕಸುಬೂ ಆಗಿತ್ತು. ಚೊಲೋ ಹಾಡೋ ಹೆಂಗಸರನ್ನ ಕರೆಸ್ತಿದ್ರು. ಊಟ, ತಂಬಾಕು, ವಿಸ್ಕಿ, ರೊಕ್ಕ ಕೊಡ್ತಿದ್ರು. ಅವರು ಕೂದಲಾ ಬಿಚ್ಚಿ, ಕೈ ಬಡಕೋತ, ಹಿಂದಮುಂದ ತೂಗ್ಯಾಡಕೋತ ಮೊದಲ ಸತ್ತವರನ್ನ ಕರೀತಿದ್ರು, ಆಮ್ಯಾಲೆ ಅವರ ಮನೆತನ, ಗುಣ ಹಾಡ್ತಿದ್ರು, ಕಡೀಕ ಕೂಡಿದವರೆಲ್ಲ ದನಿ ಎತ್ತತಿದ್ರು. ಬರೇ ಹೊಗಳಿಕಿ ಅಲ್ಲ, ಹೊಡಿಯೋ ಗಂಡ, ಜಿಪುಣ ಪಾದ್ರಿ, ಎಲ್ಲಾರ ಬಣ್ಣನೂ ಅಲ್ಲೇ ಬಯಲಾಗ್ತಿತ್ತು. ಚರ್ಚಿನವರು 17ನೇ ಶತಮಾನದಿಂದನ ಇದನ್ನ ನಿಲ್ಲಸ್ಲಿಕ್ಕೆ ಹೊಂಟಿದ್ದು ಯಾಕ ಅಂತ ನನಗ ಇಲ್ಲೇ ತಿಳೀತದ!

ಇದರಾಗ ಎಲ್ಲಕ್ಕಿಂತ ಹೆಸರಾದದ್ದು ಐಲೀನ್ ಓಕಾನೆಲ್ ಅನ್ನಾಕಿ ಹಾಡಿದ್ದು. ಆಗಿನ ಕಾಯ್ದೆ ಹೆಂಗಿತ್ತಂದ್ರ, ಕ್ಯಾಥೊಲಿಕ್ ಮಂದಿ 5 ಪೌಂಡಿಗಿಂತ ಹೆಚ್ಚಿನ ಕುದುರಿ ಇಟ್ಕೋಬಾರದು, ಪ್ರೊಟೆಸ್ಟಂಟ್ ಒಬ್ಬಾಂವ 5 ಪೌಂಡ್ ಮುಂದಿಟ್ರ ಕೊಟ್ಟುಬಿಡಬೇಕು. ಆಕಿ ಗಂಡ ಆರ್ಟ್ ಓಲೀರಿ ತನ್ನ ಕುದುರಿ ಕೊಡಲಿಲ್ಲ, ಅದರಿಂದನ ವೈರ ಬೆಳೀತು ಅಂತಾರ. 1773ರ ಮೇ 4ಕ್ಕ ಕಾರ್ಕ್ ಸೀಮ್ಯಾಗ ಅವನನ್ನ ಗುಂಡು ಹಾಕಿ ಕೊಂದ್ರು. ರಕ್ತ ಮೆತ್ತಿದ ಕುದುರಿ ಒಂದ ಮನಿಗೆ ಬಂತು. ಬಸುರಿ ಐಲೀನ್ ಅದನ್ನ ಹತ್ತಿ ಅವನಿದ್ದಲ್ಲಿಗೆ ಓಡಿಸಿದಳು.

ಆ ಹಾಡಿನಾಗ ನನಗ ಭಾಳ ಹಿಡಿಸಿದ್ದು ನಾದನಿ ಜಗಳ, ನೋಡ್ರಿ. ಹೆಣ ಮನ್ಯಾಗ ಇರೋವಾಗ ವೈನಿ ಮಲಗಿದ್ದಳು ಅಂತ ಆರ್ಟನ ತಂಗಿ ಎಲ್ಲಾರ ಎದುರಿಗೆ ಹಾಡಿನಾಗನ ಚುಚ್ಚತಾಳ. ಐಲೀನ್ ಬಿಟ್ಟಾಳೇನು? ನಿದ್ದಿ ಮಾಡಿಲ್ಲ, ಅಳೋ ಮಕ್ಕಳನ್ನ ಮಲಗಸ್ಲಿಕ್ಕೆ ಹೋಗಿದ್ದೆ ಅಂತ ಹಾಡಿನಾಗನ ತಿರುಗಿ ಹೇಳ್ತಾಳ. ಸತ್ತ ಮನ್ಯಾಗೂ ಸೊಸಿ ಎಲ್ಲಿ ಕೂತಾಳ, ಎಷ್ಟು ಅತ್ತಳು ಅಂತ ಲೆಕ್ಕಾ ಇಡೋ ಮಂದಿ ಅಲ್ಲೂ ಇದ್ರು.

ಈಗ ಇಂಗ್ಲಿಷ್ ಕಾದಂಬರ್ಯಾಗ ಗಾಳಿ ಊಳಿಟ್ರೂ ‘ಕೀನಿಂಗ್’ ಅಂತ ಬರೀತಾರ, ಮಾತು ಹೋಗಿ ಬರೇ ದನಿ ಉಳದದ. ಐಲೀನಳ ಮಾತು ಮಾತ್ರ ಉಳಿದಾವ. ಎಷ್ಟೋ ವರ್ಷ ಅವು ಬಾಯಿಂದ ಬಾಯಿಗೆ ಹೊಂಟಿದ್ದವು; ಆಮ್ಯಾಲೆ ಸತ್ತವರ ಮನ್ಯಾಗ ಹಾಡೋದೇ ಕಸುಬಾಗಿದ್ದ ಒಬ್ಬ ಹೆಂಗಸು ಹೇಳಿದ್ದನ್ನ ಕೇಳಿ ಬರಕೊಂಡ್ರು.