ಹಳೆಯ ಪಿಕಪ್‌ಗೆ ಮರುಜೀವ: ಬ್ರೇಕ್ ಮೊದಲು, ಬಣ್ಣ ಕೊನೆಗೆ

ಟಾಟಾ ಸಂಸ್ಥೆ 1988ರಲ್ಲಿ ಮಾರುಕಟ್ಟೆಗೆ ತಂದ ‘ಟಾಟಾಮೊಬೈಲ್ 206’ ಪಿಕಪ್‌ನಲ್ಲಿ ಇದ್ದುದು 1,948 ಸಿ.ಸಿ. ಡೀಸೆಲ್ ಎಂಜಿನ್. ಟರ್ಬೊ ಇಲ್ಲ, ಕಂಪ್ಯೂಟರ್ ನಿಯಂತ್ರಣವೂ ಇಲ್ಲ. ಇಂತಹ ವಾಹನವನ್ನು ಮಿತವ್ಯಯದಲ್ಲಿ ಸುಸ್ಥಿತಿಗೆ ತರುವುದು ಇಂದಿಗೂ ಸಾಧ್ಯ. ಆದರೆ ಅನೇಕರು ಟಿಂಕರಿಂಗ್, ಬಣ್ಣಗಳಿಗೆ ಹಣ ಸುರಿದು, ಬ್ರೇಕ್ ಸರದಿ ಬರುವಷ್ಟರಲ್ಲಿ ಬರಿಗೈಯಾಗಿರುತ್ತಾರೆ.

ಮೊದಲು ನೋಡಬೇಕಾದುದು ಚಾಸಿ ಮತ್ತು ದಾಖಲೆ. ಕಮಾನು ಪಟ್ಟಿ ಕೂರುವ ಜಾಗಗಳಲ್ಲಿ ಚಾಸಿಯನ್ನು ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕು. ಪುಡಿ ಉದುರಿದರೆ ವ್ಯವಹಾರವನ್ನು ಅಲ್ಲಿಗೇ ಕೈಬಿಡುವುದು ಲೇಸು. ಚಾಸಿ ಸಂಖ್ಯೆ ಆರ್‌ಸಿಯೊಡನೆ ತಾಳೆಯಾಗಬೇಕು. ಖಾಸಗಿ ನೋಂದಣಿಯಾದರೆ 15 ವರ್ಷಗಳ ಬಳಿಕ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಸರಕು ವಾಹನವಾದರೆ ಎಂಟು ವರ್ಷ ದಾಟಿದ ಮೇಲೆ ಪ್ರತಿವರ್ಷ ಎಫ್‌ಸಿ ಕಡ್ಡಾಯ. ಹಳೆಯ ವಾಹನಗಳಿಗೆ ಈ ಶುಲ್ಕಗಳು 2022ರಿಂದ ಗಣನೀಯವಾಗಿ ಏರಿರುವುದರಿಂದ ಅವನ್ನೂ ಅಂದಾಜಿಗೆ ಸೇರಿಸಿಕೊಳ್ಳಬೇಕು.

ಬಹುಕಾಲ ನಿಂತ ವಾಹನದ ಬ್ರೇಕ್ ಆಯಿಲ್ ನೀರಿನಂಶ ಹೀರಿಕೊಂಡಿರುತ್ತದೆ. ಅದನ್ನು ಪೂರ್ತಿ ಬದಲಿಸಿ, ವೀಲ್ ಸಿಲಿಂಡರ್‌ಗಳ ರಬ್ಬರ್ ಹಾಗೂ ಹೋಸ್‌ಗಳನ್ನು ಹೊಸದಾಗಿ ಹಾಕಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. ಗೆರೆಗಳು ಸವೆದಿಲ್ಲವೆಂದು ಹಳೆಯ ಟೈರನ್ನು ನಂಬಲಾಗದು.

ಎಂಜಿನ್ ಬಿಚ್ಚಲು ಆತುರ ಬೇಡ. ಟ್ಯಾಂಕಿನ ಹಳೆಯ ಡೀಸೆಲ್ ಹೊರಹಾಕಿ, ಒಳಗಿನ ತುಕ್ಕು ತೊಳೆಸಿ, ಎಲ್ಲ ಫಿಲ್ಟರ್ ಬದಲಿಸಿ, ಡೀಸೆಲ್ ಲೈನಿನ ಗಾಳಿ ತೆಗೆಸಿದ ನಂತರವೇ ಚಾಲೂ ಮಾಡಬೇಕು. ಬಳಿಕ ಹೊಗೆಯನ್ನು ಗಮನಿಸಬೇಕು. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಅಥವಾ ನಾಝಲ್ ಮೇಲೆ ಸಂಶಯಪಡಬೇಕು. ನೀಲಿ ಹೊಗೆ ಆಯಿಲ್ ಉರಿಯುತ್ತಿರುವ ಕುರುಹು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕಾಗುತ್ತದೆ. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ ಅಳತೆ ಮಾಡಿಸಿದರೆ ಬೋರಿಂಗ್ ಅಗತ್ಯವಿದೆಯೇ ಎಂಬುದು ಬಹುಪಾಲು ನಿರ್ಧಾರವಾಗುತ್ತದೆ. ಈ ಅಳತೆಯಿಲ್ಲದೆ ‘ಎಂಜಿನ್ ಇಳಿಸಿಬಿಡೋಣ’ ಎನ್ನುವ ಗ್ಯಾರೇಜಿನಿಂದ ದೂರವಿರುವುದೇ ಕ್ಷೇಮ. ಟ್ಯಾಪೆಟ್ ಅಂತರ, ಡೀಸೆಲ್ ಪಂಪಿನ ಟೈಮಿಂಗ್, ನಾಝಲ್ ಒತ್ತಡ ಸರಿಪಡಿಸಿದರೆ ಕಳೆದುಹೋದ ಎಳೆತ ಹಲವು ಬಾರಿ ಮರಳಿ ಬರುತ್ತದೆ. ಬೆಳಗ್ಗೆ ಮಾತ್ರ ಚಾಲೂ ಆಗಲು ಮೊಂಡಾಟವೆಂದರೆ ಗ್ಲೋ ಪ್ಲಗ್ ನೋಡಬೇಕು. ಬಿಸಿಯೇರುತ್ತದೆಂದು ಥರ್ಮೋಸ್ಟಾಟ್ ಕಿತ್ತೆಸೆಯುವ ವಾಡಿಕೆ ಮಾತ್ರ ಸರಿಯಲ್ಲ. ರೇಡಿಯೇಟರ್ ತೊಳೆಸುವುದೇ ಪರಿಹಾರ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಹೆಸರಾದುದು. ಬಾಗಿಲು, ಬಂಪರ್, ದೀಪದ ಚೌಕಟ್ಟುಗಳನ್ನು ಗುಜರಿಯಿಂದ ತರಬಹುದು. ಬ್ರೇಕ್ ಮತ್ತು ಸ್ಟೀರಿಂಗ್ ಭಾಗಗಳನ್ನು ಎಂದಿಗೂ ತರಬಾರದು.

ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು. ಬೇರೆ ಎಂಜಿನ್ ಕೂರಿಸಲು ಆರ್‌ಟಿಓ ಪೂರ್ವಾನುಮತಿ ಬೇಕು. ತಯಾರಕರ ಮೂಲ ವಿನ್ಯಾಸವನ್ನು ಮನಬಂದಂತೆ ಮಾರ್ಪಡಿಸಲಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಸಹ ಹೇಳಿದೆ.