ಉಯಿಲಿನ ಮಾತು, ಉಳಿದವರ ಹೊಣೆ

ಬದುಕಿರುವಾಗ ನೀಡಿದ ದಾನದ ಸದ್ವಿನಿಯೋಗವನ್ನು ದಾನಿಯೇ ನೋಡಿಕೊಳ್ಳಬಲ್ಲನು. ಮರಣಾನಂತರಕ್ಕೆಂದು ಬರೆದಿಟ್ಟ ದಾನವಾದರೋ ಉಳಿದವರ ಪ್ರಾಮಾಣಿಕತೆಯನ್ನೇ ಅವಲಂಬಿಸಿರುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಶಿಕ್ಷಣಕ್ಕೆ ಆಧಾರವಾದ ಗಾರ್ಡನ್ ಮೆಕ್ಕೇ ಅವರ ಉಯಿಲಿನ ಇತಿಹಾಸವು ಇದಕ್ಕೊಂದು ನಿದರ್ಶನ.

ಮೆಕ್ಕೇ ಅವರು 1821ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಪಿಟ್ಸ್‌ಫೀಲ್ಡ್‌ನಲ್ಲಿ ಜನಿಸಿದರು. ಲೈಮನ್ ಬ್ಲೇಕ್ ಎಂಬವರು ರೂಪಿಸಿದ್ದ, ಪಾದರಕ್ಷೆಗೆ ಅಟ್ಟೆ ಹೊಲಿಯುವ ಯಂತ್ರದ ಹಕ್ಕನ್ನು ಕೊಂಡು ಅದನ್ನು ಸುಧಾರಿಸಿದರು. ಯಂತ್ರಗಳನ್ನು ಮಾರದೆ ಬಾಡಿಗೆಗೆ ಕೊಟ್ಟು, ಹೊಲಿದ ಪ್ರತಿಯೊಂದು ಜೊತೆಗೂ ಇಷ್ಟೆಂದು ರಾಯಧನ ಪಡೆದರು. ಹೀಗೆ ಅಪಾರ ಸಂಪತ್ತು ಕೂಡಿತು.

ಅವರ ಸ್ನೇಹಿತರಾಗಿದ್ದ ಭೂವಿಜ್ಞಾನಿ ನಥಾನಿಯಲ್ ಶೇಲರ್ ಅವರು ಹಾರ್ವರ್ಡಿನ ಲಾರೆನ್ಸ್ ವಿಜ್ಞಾನ ಶಾಲೆಯ ಡೀನರಾಗಿದ್ದರು. ಅವರ ಪ್ರೇರಣೆಯಿಂದ ಮೆಕ್ಕೇ ಅವರು ತಮ್ಮ ಆಸ್ತಿಯನ್ನು ಅನ್ವಯಿಕ ವಿಜ್ಞಾನದ ಬೋಧನೆಗೆ ಮೀಸಲಿಡಲು ನಿಶ್ಚಯಿಸಿದರು. ಆದರೆ ತಮ್ಮನ್ನು ನಂಬಿದವರನ್ನು ಅವರು ಮರೆಯಲಿಲ್ಲ. ಆಸ್ತಿಯ ಆದಾಯದಿಂದ ಮೊದಲು ಅಂಥವರಿಗೆ ಜೀವಿತಾವಧಿಯ ವರ್ಷಾಶನ ಸಲ್ಲಬೇಕು. ಕೂಡಿಬಂದ ಆದಾಯದಲ್ಲಿ ಒಂದು ಪಾಲು ವಿಶ್ವವಿದ್ಯಾಲಯಕ್ಕೆ ಸೇರಬೇಕು. ಅವರೆಲ್ಲರ ಕಾಲಾನಂತರ ಉಳಿದ ಮೂಲಧನವೂ ಅದಕ್ಕೇ ಸಲ್ಲಬೇಕು ಎಂದು ವಿಧಿಸಿದರು. ಸಮರ್ಥರು ಬೋಧನೆಗೆ ಬರುವಂತೆ, ಪ್ರಾಧ್ಯಾಪಕರ ವೇತನವು ಆಯಾ ತಲೆಮಾರಿನ ಮಟ್ಟಕ್ಕೆ ತಕ್ಕಂತೆ ಉದಾರವಾಗಿರಬೇಕೆಂದೂ ಸೂಚಿಸಿದರು. 1903ರಲ್ಲಿ ಅವರು ನಿಧನ ಹೊಂದಿದರು.

ಪರೀಕ್ಷೆಯ ಕಾಲ ಬೇಗನೆ ಬಂದಿತು. 1914ರಲ್ಲಿ ಹಾರ್ವರ್ಡ್, ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡು, ಮೆಕ್ಕೇ ದತ್ತಿಯ ಆದಾಯದ ಐದರಲ್ಲಿ ಮೂರು ಪಾಲನ್ನು ಅಲ್ಲಿನ ಬೋಧನೆಗೆ ವಿನಿಯೋಗಿಸಲು ಹೊರಟಿತು. ಇದರಲ್ಲಿ ದುರುದ್ದೇಶವೇನೂ ಇರಲಿಲ್ಲ. ನೆರೆಹೊರೆಯ ಎರಡು ಸಂಸ್ಥೆಗಳು ಒಂದೇ ವಿದ್ಯೆಗಾಗಿ ಇಮ್ಮಡಿ ವೆಚ್ಚ ಮಾಡುವುದೇಕೆ ಎಂಬ ವಿವೇಕವೇ ಇತ್ತು. ಆದರೂ 1917ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಬೋಧನೆಯನ್ನು ಹಾರ್ವರ್ಡ್ ತಾನೇ ನಡೆಸಬೇಕೆಂಬುದು ದಾನಿಯ ಇಂಗಿತವೆಂದು ತೀರ್ಪಿತ್ತಿತು. ಹಾರ್ವರ್ಡ್ 1918ರಲ್ಲಿ ತನ್ನದೇ ಎಂಜಿನಿಯರಿಂಗ್ ಶಾಲೆಯನ್ನು ಸ್ಥಾಪಿಸಿತು.

ವರ್ಷಾಶನ ಪಡೆಯುತ್ತಿದ್ದ ಕೊನೆಯ ವ್ಯಕ್ತಿ ತೀರಿಕೊಂಡದ್ದು 1949ರಲ್ಲಿ. ದಾನಿಯ ಮರಣದಿಂದ 46 ವರ್ಷಗಳವರೆಗೆ ಅವಲಂಬಿತರ ಹಕ್ಕಿಗೆ ಚ್ಯುತಿ ಬರಲಿಲ್ಲ, ವಿದ್ಯೆಯ ಪಾಲೂ ಕರಗಲಿಲ್ಲ. ಅವರ ಹೆಸರಿನ ಪ್ರಾಧ್ಯಾಪಕ ಪೀಠಗಳು ಹಾರ್ವರ್ಡಿನಲ್ಲಿ ಇಂದಿಗೂ ಇವೆ.

ಪರರ ಧನವನ್ನು ಅಪಹರಿಸಬಾರದೆಂಬುದನ್ನು ಎಲ್ಲರೂ ಬಲ್ಲರು. ಒಳ್ಳೆಯದಕ್ಕೇ ಆದರೂ, ಅದನ್ನು ಕೊಟ್ಟವರ ಇಂಗಿತ ಮೀರಿ ಬಳಸಬಾರದೆಂಬುದು ಇನ್ನೂ ಸೂಕ್ಷ್ಮವಾದ ಧರ್ಮ. ದತ್ತಿಗಳ ಹೊಣೆ ಹೊತ್ತವರು ಇದನ್ನು ಮನನ ಮಾಡಬೇಕು. ದತ್ತಿ ಬರೆಯುವವರು ತಮ್ಮ ಇಂಗಿತವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಬರೆದಿಡಬೇಕು.