ನೆಗಳ್ತೆ: ಮಾಡಿದವರಿಗೆ ಸಂದ ಹೆಸರು

ಹಳಗನ್ನಡ ಕಾವ್ಯವನ್ನೋ ಹತ್ತು-ಹನ್ನೊಂದನೆಯ ಶತಮಾನದ ಶಾಸನಗಳನ್ನೋ ಓದತೊಡಗಿದವರಿಗೆ ಬೇಗನೆ ಎದುರಾಗುವ ಪದಗಳಲ್ಲಿ ‘ನೆಗೞ್ದ’ ಒಂದು. ಅರಸನನ್ನು ಹೊಗಳುವಾಗ ಅದು ಬರುತ್ತದೆ, ದಂಡನಾಯಕನನ್ನು ಹೊಗಳುವಾಗಲೂ ಬರುತ್ತದೆ. ಸಂಪಾದಕರು ಅರ್ಥಕೋಶದಲ್ಲಿ ‘ಪ್ರಸಿದ್ಧನಾದ’ ಎಂದು ಬರೆದು ಮುಂದೆ ಸಾಗುತ್ತಾರೆ. ಅರ್ಥ ಸರಿಯಾಗಿಯೇ ಇದೆ. ಆದರೆ ಆ ಪದ ಅಲ್ಲಿಗೆ ಬಂದ ದಾರಿಯನ್ನು ನೋಡಿದರೆ ನಮ್ಮ ಹಿರಿಯರು ಹೆಸರು ಗಳಿಸುವುದನ್ನು ಹೇಗೆ ಕಂಡಿದ್ದರು ಎಂಬುದು ತಿಳಿಯುತ್ತದೆ.

‘ನೆಗೞ್’ ಎಂಬ ಧಾತುವಿಗೆ ತೊಡಗು, ಮಾಡು, ಆಚರಿಸು ಎಂಬ ಅರ್ಥಗಳಿವೆ. ಜೊತೆಗೇ ಪ್ರಕಟವಾಗು, ಹೆಸರಾಗು ಎಂಬ ಅರ್ಥಗಳೂ ಇವೆ. ‘ನೆಗೞ್ಚು’ ಎಂದರೆ ಕೆಲಸವೊಂದನ್ನು ನಡೆಸು. ‘ನೆಗೞ್ತೆ’ ಎಂದರೆ ನಡತೆಯೂ ಹೌದು, ಕೀರ್ತಿಯೂ ಹೌದು. ಒಬ್ಬನು ಮಾಡಿದ್ದಕ್ಕೂ ಅವನಿಗೆ ಬಂದ ಹೆಸರಿಗೂ ಒಂದೇ ಪದ ಸಾಕಾಗಿತ್ತು. ಮಾಡಿದ್ದು ಕಾಣಿಸಿಕೊಂಡರೆ ಅದೇ ಖ್ಯಾತಿ, ಅದಕ್ಕೆ ಬೇರೆ ಹೆಸರು ಬೇಡ ಎಂಬ ಈ ನಿಲುವು ನನಗೆ ಬಹಳ ದೊಡ್ಡದಾಗಿ ತೋರುತ್ತದೆ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಅಡಿಯಲ್ಲಿಯೇ ಹೆಸರು ಕೆತ್ತಿದ್ದಾರೆ. ಅಲ್ಲಿ ಕೆಲಸವೂ ಹೆಸರೂ ಒಂದೇ ಕಲ್ಲಿನಲ್ಲಿವೆ. ನೆಗಳ್ತೆ ಎಂದರೆ ಏನೆಂದು ಕೇಳಿದವರಿಗೆ ನಾನು ತೋರಿಸುವುದು ಅದನ್ನೇ.

ಈ ಪದ ಕನ್ನಡದ್ದು ಮಾತ್ರವಲ್ಲ. ತಮಿಳಿನಲ್ಲಿ ‘ನಿಗೞ್’ ಎಂದರೆ ನಡೆ, ಸಂಭವಿಸು. ಚೆನ್ನೈನ ದೂರದರ್ಶನ ವಾಹಿನಿಗಳಲ್ಲಿ ದಿನವೂ ಕೇಳುವ ‘ನಿಗೞ್ಚಿ’, ಅಂದರೆ ಕಾರ್ಯಕ್ರಮ, ಅದರ ಕುಡಿ. ತೆಲುಗಿನಲ್ಲಿ ‘ನೆಗಡು’ ಎಂದರೆ ಏಳಿಗೆ ಹೊಂದು, ಪ್ರಸಿದ್ಧಿಗೆ ಬಾ. ಒಂದೇ ಬೇರು ತಮಿಳಿನಲ್ಲಿ ನಡೆಯುವುದರ ಕಡೆಗೆ, ತೆಲುಗಿನಲ್ಲಿ ಬೆಳೆಯುವುದರ ಕಡೆಗೆ ಬಾಗಿತು. ಕನ್ನಡ ಎರಡನ್ನೂ ಹಿಡಿದುಕೊಂಡಿತ್ತು.

ಆಮೇಲೆ ಅದನ್ನು ಕಳೆದುಕೊಂಡಿತು. ‘ತಮಿೞ್’ ಎಂಬ ಹೆಸರಿನ ಕೊನೆಯಲ್ಲಿ ಇಂದಿಗೂ ಕೇಳುವ ೞಕಾರ ಕನ್ನಡಿಗರ ನಾಲಗೆಯಿಂದ ಮೆಲ್ಲಮೆಲ್ಲನೆ ಜಾರಿತು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಆ ಅಕ್ಷರವಿರುವ ಪದಗಳನ್ನು ಪಟ್ಟಿಮಾಡಿಕೊಡಬೇಕಾಯಿತು ಎಂದರೆ ಆ ಹೊತ್ತಿಗಾಗಲೇ ಜನ ಅದನ್ನು ಬೇರೆ ಅಕ್ಷರಗಳೊಡನೆ ಕಲಸಿಬಿಟ್ಟಿದ್ದರು. ನೆಗೞ್ತೆ ಒಂದು ಕಡೆ ನೆಗಳ್ತೆಯಾಯಿತು, ಇನ್ನೊಂದು ಕಡೆ ನೆಗರ್ತೆಯಾಯಿತು. ಬಾೞ್ ಬಾಳಾಗಿ, ಏೞು ಏಳಾಗಿ, ಕೋೞಿ ಕೋಳಿಯಾಗಿ ಬದುಕಿಕೊಂಡವು. ನೆಗಳ್ತೆಗೆ ಆ ಭಾಗ್ಯ ಬರಲಿಲ್ಲ. ಮೊಸಳೆಗೂ ‘ನೆಗಳ್’ ಎಂಬ ಹೆಸರಿತ್ತು, ಅದು ಬೇರೆಯೇ ಪದ. ಅದೂ ಈಗ ನಿಘಂಟಿನಲ್ಲಿದೆ.

ನೆಗಳ್ತೆಯ ಜಾಗಕ್ಕೆ ಬಂದವು ಸಂಸ್ಕೃತದ ಪದಗಳು. ‘ಕೀರ್ತಿ’ಯೂ ‘ಕೀರ್ತನೆ’ಯೂ ಒಡಹುಟ್ಟಿದವು, ಎರಡರ ಮೂಲವೂ ಹೇಳುವುದು, ಕೊಂಡಾಡುವುದು. ಅಂದರೆ ಕೀರ್ತಿ ಇರುವುದು ಇತರರ ಬಾಯಲ್ಲಿ. ‘ವಿಶ್ರುತ’ ಇರುವುದು ಕಿವಿಯಲ್ಲಿ. ಕಣ್ಣಿಗೆ ಕಾಣದ ಈ ಕೀರ್ತಿಗೆ ಕವಿಗಳು ಬಣ್ಣ ಕೊಟ್ಟರು. ಕೀರ್ತಿ ಬಿಳಿ, ಅಪಕೀರ್ತಿ ಕಪ್ಪು ಎಂಬುದು ಕವಿಸಮಯ. ಅರಸನ ಕೀರ್ತಿಯನ್ನು ಬೆಳುದಿಂಗಳಿಗೋ ಹಾಲ್ಗಡಲಿಗೋ ಶಂಖಕ್ಕೋ ಹೋಲಿಸದ ಆಸ್ಥಾನಕವಿ ಸಿಗುವುದು ಕಷ್ಟ. ಹೆಸರಾದವರು ಹೊಳೆಯುತ್ತಾರೆ ಎಂಬ ಕಲ್ಪನೆ ಸಿನಿಮಾದಿಂದ ಬಂದದ್ದಲ್ಲ, ಅದು ಆಸ್ಥಾನದಿಂದಲೇ ಹೊರಟಿತ್ತು.

ಸಿನಿಮಾ ಅದಕ್ಕೆ ಆಕಾಶ ಕೊಟ್ಟಿತು. ಇಂಗ್ಲಿಷಿನವರು ರಂಗಭೂಮಿಯ ಕಾಲದಿಂದಲೂ ಹೆಸರಾಂತ ನಟರನ್ನು ‘ಸ್ಟಾರ್’ ಎನ್ನುತ್ತಿದ್ದರು. ನಾವು ಅದನ್ನು ‘ತಾರೆ’ ಎಂದು ಕರೆದುಕೊಂಡೆವು. ಸಂಸ್ಕೃತದ ತಾರಾ, ಪಾರಸಿಯ ಸಿತಾರಾ, ಇಂಗ್ಲಿಷಿನ ಸ್ಟಾರ್ ಮೂರೂ ಒಂದೇ ಮೂಲದವು. ಹೀಗಾಗಿ ‘ಸ್ಟಾರ್’ ನಮ್ಮಲ್ಲಿಗೆ ಬಂದಾಗ ಅದರ ದೂರದ ನಂಟರು ಇಲ್ಲಿ ಮೊದಲೇ ಮನೆಮಾಡಿಕೊಂಡಿದ್ದರು. ಮದುವೆಯ ಮುಹೂರ್ತಕ್ಕೆ ತಾರಾಬಲ ನೋಡುತ್ತಿದ್ದ ನಾಡಿಗೆ ತಾರಾಮೌಲ್ಯ, ತಾರಾಗಣ ಎನ್ನುವುದು ಕಷ್ಟವಾಗಲಿಲ್ಲ. ಪರದೆಗೆ ‘ಬೆಳ್ಳಿತೆರೆ’ ಎಂದಾಗಲಂತೂ ಕನ್ನಡದ ಅದೃಷ್ಟವೇ ತೆರೆಯಿತು. ಇಂಗ್ಲಿಷಿನಲ್ಲಿ ಆ ಹೆಸರು ಪರದೆಗೆ ಬಳಿಯುತ್ತಿದ್ದ ಲೋಹದ ಬಣ್ಣದಿಂದ ಬಂದದ್ದು. ನಮ್ಮಲ್ಲಿ ಬೆಳ್ಳಿ ಲೋಹವೂ ಹೌದು, ನಸುಕಿನಲ್ಲಿ ಮೂಡುವ ಶುಕ್ರನೂ ಹೌದು. ಬೆಳಕು, ಬೆಳಗು, ಬಿಳಿ ಎಲ್ಲ ಆ ಬಳಗದವೇ. ತಾರೆಗಳಿಗೆ ಇದಕ್ಕಿಂತ ಹೊಂದುವ ತೆರೆ ಯಾವುದಿದೆ?

ಆದರೂ ಕನ್ನಡಿಗರು ತಮ್ಮ ನಟರಿಗೆ ಕೊಟ್ಟ ಬಿರುದುಗಳನ್ನು ಒಮ್ಮೆ ನೋಡಿ. 1954ರ ‘ಬೇಡರ ಕಣ್ಣಪ್ಪ’ದಿಂದ ಮನೆಮಾತಾದ ರಾಜ್‌ಕುಮಾರ್ ವರನಟ, ನಟಸಾರ್ವಭೌಮ. ಜನರ ಬಾಯಲ್ಲಿ ಬರೀ ಅಣ್ಣಾವ್ರು. ಜಯಂತಿ ಅಭಿನಯ ಶಾರದೆ. ನಟನೆ, ಅಭಿನಯ ಎಂಬ ಕೆಲಸದ ಹೆಸರು ಈ ಬಿರುದುಗಳಲ್ಲಿ ಗಟ್ಟಿಯಾಗಿ ಕೂತಿದೆ. ಇವು ನೆಗಳ್ತೆಯ ಸಾಲಿಗೆ ಸೇರುವ ಬಿರುದುಗಳು. ಕಲ್ಪನಾ ಮಾತ್ರ ‘ಮಿನುಗುತಾರೆ’. ಮಿಂಚು, ಮಿನುಗು ಎಂಬ ಅಚ್ಚಗನ್ನಡದ ಹೊಳಪನ್ನು ಸಂಸ್ಕೃತದ ತಾರೆಗೆ ಬೆಸೆದ ಆ ಬಿರುದಿಗಿಂತ ಚೆಂದದ ಇನ್ನೊಂದು ಬಿರುದು ನಮ್ಮ ಚಿತ್ರರಂಗದಲ್ಲಿ ಹುಟ್ಟಿಲ್ಲ ಎಂದೇ ನನ್ನ ಭಾವನೆ. ಮುಂದೆ ಅಂಬರೀಶ್ ರೆಬೆಲ್ ಸ್ಟಾರ್ ಆದರು, ರವಿಚಂದ್ರನ್ ಕ್ರೇಜಿ ಸ್ಟಾರ್, ಪುನೀತ್ ಪವರ್ ಸ್ಟಾರ್, ಯಶ್ ರಾಕಿಂಗ್ ಸ್ಟಾರ್. ಬಿರುದಿನಲ್ಲಿ ಅಭಿನಯ ಇಲ್ಲವಾಗಿ ಹೊಳಪು ಉಳಿಯಿತು.

ಕೊನೆಯ ಆ ಹೆಸರಿನಲ್ಲಿ ಇನ್ನೊಂದು ಪದದ ಕಥೆಯಿದೆ. ಸಂಸ್ಕೃತದಲ್ಲಿ ‘ಯಶಸ್’ ಎಂದರೆ ಕೀರ್ತಿ, ‘ಯಶಸ್ವಿ’ ಎಂದರೆ ಕೀರ್ತಿವಂತ. ಕನ್ನಡಕ್ಕೆ ಬಂದು ನೆಲೆಸಿದ ಮೇಲೆ ಯಶಸ್ಸು ಗೆಲುವಾಯಿತು, ಕೈಗೂಡಿದ ಕೆಲಸವಾಯಿತು. ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು ಎನ್ನುವಾಗ ಯಾರೂ ಅದು ಖ್ಯಾತವಾಯಿತು ಎಂದುಕೊಳ್ಳುವುದಿಲ್ಲ. ನೆಗಳ್ತೆ ಮಾಡುವುದರಿಂದ ಹೊರಟು ಹೆಸರಿಗೆ ಬಂದಿತ್ತು. ಯಶಸ್ಸು ಹೆಸರಿನಿಂದ ಹೊರಟು ಮಾಡುವುದಕ್ಕೆ ಬಂದಿದೆ. ಕನ್ನಡ ತನ್ನದೇ ಪದವೊಂದನ್ನು ಕಳೆದುಕೊಂಡ ಮೇಲೆ, ಹೊರಗಿನಿಂದ ಬಂದ ಪದವನ್ನು ಆ ಕಡೆಗೇ ತಿರುಗಿಸಿಕೊಂಡಿತು. ಊರಿನ ಸಂಘದವರು ವರದಿಯ ಕೊನೆಗೆ ‘ಕಾರ್ಯಕ್ರಮ ಯಶಸ್ವಿಯಾಯಿತು’ ಎಂದು ಬರೆಯುತ್ತಾರಲ್ಲ, ಅದರಲ್ಲಿ ‘ಕಾರ್ಯಕ್ರಮ’ಕ್ಕೆ ತಮಿಳರು ಹೇಳುವುದು ನಿಗೞ್ಚಿ ಎಂದೇ.